ಗಾರ್ಬೇಜ್ ಕಲೆಕ್ಟರ್ ಕಸ ಹುಡುಕುವುದೇ ಇಲ್ಲ

ರಾತ್ರಿ 11 ಗಂಟೆಗೆ ಫೋನ್ ಬಂತು. ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗ. "ಸರ್, ಮೆಮೊರಿ ಲೀಕ್ ಆಗ್ತಾ ಇದೆ, ರೀಸ್ಟಾರ್ಟ್ ಮಾಡ್ಲಾ?" ಅಂದ. ಬೇಡವಾದ ಮೆಮೊರಿ ವಾಪಸ್ ಬರದೆ ತುಂಬುತ್ತಲೇ ಹೋದರೆ ಅದು ಲೀಕ್. ಲ್ಯಾಪ್‌ಟಾಪ್ ತೆರೆದು ಸರ್ವರಿನ ಮೆಮೊರಿ ಬಳಕೆಯ ಗ್ರಾಫ್ ನೋಡಿದೆ. ಗರಗಸದ ಹಲ್ಲಿನ ಹಾಗಿತ್ತು. 400 ಎಂಬಿಯಿಂದ ಮೆಲ್ಲಗೆ ಏರುತ್ತಾ 1.5 ಜಿಬಿ ಮುಟ್ಟುತ್ತದೆ, ದಡಕ್ಕನೆ 400ಕ್ಕೆ ಬೀಳುತ್ತದೆ, ಮತ್ತೆ ಏರುತ್ತದೆ. ಹುಡುಗ ಗಾಬರಿಯಾಗಿದ್ದು ಏರುವ ಭಾಗ ನೋಡಿ. "ಇದು ಲೀಕ್ ಅಲ್ಲ ಮಾರಾಯ, ಹೀಗೇ ಇರಬೇಕು, ಹೋಗಿ ಮಲಗು" ಅಂದೆ.

ಎರಡು ವಾರ ಕಳೆದ ಮೇಲೆ ಅದೇ ಹುಡುಗ ಇನ್ನೊಂದು ಸರ್ವೀಸಿನ ಗ್ರಾಫ್ ಕಳಿಸಿದ. ಅದೂ ಗರಗಸವೇ. ಈ ಸಲ ನಾನು ಸರಿಯಾಗಿ ನೋಡಲಿಲ್ಲ. "ಇದೂ ಹಾಗೇ, ಬಿಡು" ಅಂದುಬಿಟ್ಟೆ. ಅದು ನಿಜವಾಗಿಯೂ ಲೀಕ್ ಆಗಿತ್ತು. ಮರ್ಯಾದೆ ಹೋದ ಆ ಕಥೆಗೆ ಕೊನೆಯಲ್ಲಿ ಬರುತ್ತೇನೆ.

ಎರಡು ಗ್ರಾಫಿಗೂ ಏನು ವ್ಯತ್ಯಾಸ ಅಂತ ತಿಳಿಯಬೇಕಾದರೆ ಒಂದು ವಿಷಯ ತಲೆಗೆ ಹೋಗಬೇಕು. ಗಾರ್ಬೇಜ್ ಕಲೆಕ್ಟರ್ ಅಂದ ಕೂಡಲೇ ಬೆಳಗ್ಗೆ ಬೀದಿಗೆ ಬರುವ ಕಸದ ಗಾಡಿ ನೆನಪಾಗುತ್ತದೆ. ಮನೆ ಮನೆ ಮುಂದೆ ನಿಂತು ಕಸ ಎತ್ತಿಕೊಂಡು ಹೋಗುತ್ತದೆ, ಅಲ್ವಾ? ಜಾವಾ, ಸಿ ಶಾರ್ಪ್, ಗೋ ಭಾಷೆಗಳ ಒಳಗೆ ಕೂತಿರುವ ಗಾರ್ಬೇಜ್ ಕಲೆಕ್ಟರ್, ಚಿಕ್ಕದಾಗಿ ಜಿಸಿ, ಮಾಡುವುದು ಅದಕ್ಕೆ ಪೂರ್ತಿ ಉಲ್ಟಾ ಕೆಲಸ. ಅದು ಹುಡುಕುವುದು ಬದುಕಿರುವುದನ್ನು. ಬದುಕಿರುವುದನ್ನೆಲ್ಲ ಗುರುತು ಮಾಡಿಕೊಂಡ ಮೇಲೆ ಮಿಕ್ಕಿದ ಜಾಗದಲ್ಲಿ ಏನಿತ್ತು ಅಂತ ಕೂಡ ಕೇಳುವುದಿಲ್ಲ. ಖಾಲಿ ಅಂತ ಲೆಕ್ಕಕ್ಕೆ ಹಾಕಿಕೊಳ್ಳುತ್ತದೆ.

ಬದುಕಿದೆ ಅಂದರೆ ಏನು

ಸಿ ಭಾಷೆಯಲ್ಲಿ ಬರೆದವರಿಗೆ ಹಳೇ ಪಾಡು ಗೊತ್ತು. ಮ್ಯಾಲಾಕ್ ಅಂತ ಮೆಮೊರಿ ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಫ್ರೀ ಅಂತ ವಾಪಸ್ ಕೊಡಬೇಕು. ಕೊಡುವುದು ಮರೆತರೆ ಲೀಕ್. ಒಂದೇ ಜಾಗವನ್ನು ಎರಡು ಸಲ ವಾಪಸ್ ಕೊಟ್ಟರೆ ಕ್ರ್ಯಾಶ್, ಅದೂ ಅದೃಷ್ಟ ಚೆನ್ನಾಗಿದ್ದರೆ. ವಾಪಸ್ ಕೊಟ್ಟ ಮೇಲೂ ಅದೇ ಪಾಯಿಂಟರ್, ಅಂದರೆ ಆ ಜಾಗದ ವಿಳಾಸ, ಹಿಡಿದುಕೊಂಡು ಬರೆಯುತ್ತಾ ಹೋದರೆ ಇನ್ನೂ ಕೆಟ್ಟದ್ದು. ಅಷ್ಟರಲ್ಲಿ ಆ ಜಾಗ ಬೇರೆಯವರ ಪಾಲಾಗಿರುತ್ತದೆ, ಪ್ರೋಗ್ರಾಂ ಇನ್ನೆಲ್ಲೋ, ಇನ್ಯಾವಾಗಲೋ ಬೀಳುತ್ತದೆ. ಹ್ಯಾಕರ್‌ಗಳಿಗೆ ಇಂಥ ತಪ್ಪು ಸಿಕ್ಕರೆ ಹಬ್ಬ.

ಮ್ಯಾನೇಜ್ಡ್ ರನ್‌ಟೈಮ್, ಅಂದರೆ ಜಾವಾದಂಥ ಭಾಷೆಯ ಪ್ರೋಗ್ರಾಂ ಓಡಿಸುವ ವ್ಯವಸ್ಥೆ, ಹೇಳುವುದು ಇಷ್ಟೇ: ನೀನು ಕೇಳು, ವಾಪಸ್ ಪಡೆಯುವುದು ನನಗೆ ಬಿಡು. ಆದರೆ ಒಂದು ಆಬ್ಜೆಕ್ಟ್, ಅಂದರೆ ಪ್ರೋಗ್ರಾಂ ಮೆಮೊರಿಯಲ್ಲಿ ಕಟ್ಟಿಕೊಂಡ ಮಾಹಿತಿಯ ಒಂದು ತುಂಡು, ನಿಮಗೆ ಇನ್ನೂ ಬೇಕೋ ಬೇಡವೋ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಗೊತ್ತಾಗುವುದಿಲ್ಲ. ಅದಕ್ಕೇ ಅದು ಬೇರೆ ಪ್ರಶ್ನೆ ಕೇಳುತ್ತದೆ: ಈ ಆಬ್ಜೆಕ್ಟ್ ಹತ್ತಿರ ಹೋಗಲು ದಾರಿ ಇದೆಯಾ?

ದಾರಿ ಶುರುವಾಗುವ ಜಾಗಗಳಿಗೆ ರೂಟ್ ಅಂತ ಹೆಸರು. ಓಡುತ್ತಿರುವ ಪ್ರತಿ ಥ್ರೆಡ್ಡಿನ, ಅಂದರೆ ಪ್ರೋಗ್ರಾಂ ಒಳಗೆ ಒಟ್ಟಿಗೆ ಓಡುವ ಒಂದೊಂದು ಕೆಲಸದ ಸಾಲಿನ, ಸ್ಟ್ಯಾಕ್ ಮೇಲಿರುವ ಲೋಕಲ್ ವೇರಿಯೇಬಲ್‌ಗಳು, ಕ್ಲಾಸ್‌ಗಳ ಸ್ಟಾಟಿಕ್ ಫೀಲ್ಡ್‌ಗಳು, ಇನ್ನು ಕೆಲವು. ಜಿಸಿ ಅಲ್ಲಿಂದ ಹೊರಡುತ್ತದೆ. ಒಂದು ವೇರಿಯೇಬಲ್ ಒಂದು ಆರ್ಡರ್ ಆಬ್ಜೆಕ್ಟನ್ನು ತೋರಿಸುತ್ತದೆ, ಆರ್ಡರ್ ಒಳಗೆ ಗ್ರಾಹಕನ ರೆಫರೆನ್ಸ್, ಅಂದರೆ ಆ ಆಬ್ಜೆಕ್ಟ್ ಎಲ್ಲಿದೆ ಅನ್ನುವ ವಿಳಾಸ, ಇದೆ, ಗ್ರಾಹಕನ ಒಳಗೆ ವಿಳಾಸದ ರೆಫರೆನ್ಸ್ ಇದೆ. ಹೀಗೆ ಎಳೆ ಹಿಡಿದು ಹೋದಲ್ಲೆಲ್ಲ "ಇದು ಬದುಕಿದೆ" ಅಂತ ಗುರುತು ಹಾಕುತ್ತದೆ. ಎಳೆ ಸಿಗದ್ದು ಸತ್ತಂತೆ.

ಇಲ್ಲಿ ಒಂದು ತಮಾಷೆ ಇದೆ. ಲೋಕಲ್ ವೇರಿಯೇಬಲ್‌ಗೆ ಕೊನೆಯಲ್ಲಿ ನಲ್, ಅಂದರೆ ಏನನ್ನೂ ತೋರಿಸುವುದಿಲ್ಲ ಅಂತ, ಹಾಕಿದರೆ ಜಿಸಿಗೆ ಸಹಾಯ ಆಗುತ್ತದೆ ಅಂತ ಎಷ್ಟೋ ಜನ ಇನ್ನೂ ನಂಬಿದ್ದಾರೆ. ಜಾವಾ ಪ್ರೋಗ್ರಾಂ ಓಡಿಸುವ ಹಾಟ್‌ಸ್ಪಾಟ್ ಅನ್ನುವ ಎಂಜಿನ್‌ನಲ್ಲಿ ಕೋಡ್ ಕಂಪೈಲ್ ಆದಮೇಲೆ, ಮುಂದೆ ಯಾವ ಸಾಲೂ ಬಳಸದ ವೇರಿಯೇಬಲ್ ರೂಟ್ ಅಂತ ಲೆಕ್ಕಕ್ಕೇ ಬರುವುದಿಲ್ಲ, ಫಂಕ್ಷನ್ ಇನ್ನೂ ಮುಗಿದಿಲ್ಲದಿದ್ದರೂ. ನಿಮ್ಮ ನಲ್ ಸುಮ್ನೆ ಒಂದು ಸಾಲು ಜಾಸ್ತಿ ಮಾಡಿತು, ಅಷ್ಟೇ.

ದಾರಿ ಇರುವುದೆಲ್ಲ ಬೇಕಾದದ್ದೇ ಆಗಿರಬೇಕಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಲೀಕ್ ಕಥೆಗೆ ಇದೇ ಮೂಲ.

ಮೊದಲ ಜಿಸಿ

ಇದು ಜಾವಾ ಜೊತೆ ಬಂದದ್ದು ಅಂದುಕೊಂಡವರು ಬಹಳ. ಅಲ್ಲ. ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆ ಕಟ್ಟುವಾಗ ಮಾಡಿದ್ದು. ಓಡುತ್ತಿದ್ದದ್ದು ಐಬಿಎಂ 704 ಯಂತ್ರದ ಮೇಲೆ. 1960ರಲ್ಲಿ ಅಚ್ಚಾದ ಅವರ ಪೇಪರಿನಲ್ಲಿ ಈ ವಿಧಾನ ಇದೆ, ಆದರೆ ಗಾರ್ಬೇಜ್ ಕಲೆಕ್ಷನ್ ಅನ್ನುವ ಹೆಸರು ಮಾತ್ರ ಅದರಲ್ಲಿ ಇಲ್ಲ. ತಮ್ಮತಮ್ಮಲ್ಲಿ ಹಾಗೇ ಕರೆಯುತ್ತಿದ್ದೆವು, ಪೇಪರಿನಲ್ಲಿ ಬರೆಯಲು ಧೈರ್ಯ ಸಾಲಲಿಲ್ಲ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ.

ಇನ್ನೊಂದು ಪ್ರಸಂಗವನ್ನೂ ಅವರೇ ಬರೆದಿದ್ದಾರೆ. ಕಂಪನಿಗಳ ಜನರ ಮುಂದೆ ಲಿಸ್ಪ್ ತೋರಿಸುತ್ತಿದ್ದಾರೆ. ಫ್ಲೆಕ್ಸೊರೈಟರ್ ಅನ್ನುವ ಟೈಪ್ ಯಂತ್ರ ಸೆಕೆಂಡಿಗೆ 10 ಅಕ್ಷರದಂತೆ ಉತ್ತರ ಅಚ್ಚು ಹಾಕಬೇಕು. ಎಲ್ಲ ಚೆನ್ನಾಗಿ ಹೋಗುತ್ತಿತ್ತು, ನಡುವೆ ಮೆಮೊರಿ ಖಾಲಿ. ಯಂತ್ರ ಟಕಟಕ ಅಂತ, ಗಾರ್ಬೇಜ್ ಕಲೆಕ್ಟರನ್ನು ಕರೆಯಲಾಗಿದೆ, ಕುತೂಹಲದ ಕೆಲವು ಅಂಕಿಅಂಶ ಹೀಗಿವೆ ಅಂತ ಶುರು ಮಾಡಿ ಹೊಡೆಯುತ್ತಲೇ ಹೋಯಿತು. ಇವರಿಗೆ ಕೊಟ್ಟಿದ್ದ ಸಮಯ ಮುಗಿಯಿತು, ಸಭೆ ಬಿದ್ದು ಬಿದ್ದು ನಕ್ಕಿತು. ಜಿಸಿಯಿಂದ ಡೆಮೊ ಹಾಳಾದ ಮೊದಲಿಗರಲ್ಲಿ ನಾವಿಲ್ಲ ಅನ್ನುವುದೇ ಒಂದು ಸಮಾಧಾನ.

ಆ ಪೇಪರಿನಲ್ಲಿ ನನಗೆ ಇಷ್ಟವಾದ ಮಾತು ಬೇರೆ. ಒಂದು ಸಲ ಜಿಸಿ ಮಾಡಲು ಹಲವು ಸೆಕೆಂಡ್ ಬೇಕು, ಆದ್ದರಿಂದ ಬದುಕಿರುವ ಲಿಸ್ಟ್‌ಗಳೇ ಮೆಮೊರಿಯನ್ನು ಹೆಚ್ಚುಕಡಿಮೆ ತುಂಬಿಬಿಟ್ಟರೆ ಪ್ರೋಗ್ರಾಂ ತನ್ನ ಬಹುಪಾಲು ಸಮಯವನ್ನು ಜಿಸಿಯಲ್ಲೇ ಕಳೆಯುತ್ತದೆ ಅಂತ ಮೆಕಾರ್ಥಿ ಅಲ್ಲೇ ಬರೆದಿದ್ದಾರೆ. ಇವತ್ತು ಪ್ರೊಡಕ್ಷನ್‌ನಲ್ಲಿ ಬೀಳುವ ಜಾವಾ ಸರ್ವರ್‌ಗಳಲ್ಲಿ ಒಂದಷ್ಟು ಬೀಳುವುದು ಸರಿಯಾಗಿ ಇದೇ ಕಾರಣಕ್ಕೆ.

ಅದೇ 1960ರಲ್ಲಿ ಜಾರ್ಜ್ ಕಾಲಿನ್ಸ್ ಇನ್ನೊಂದು ದಾರಿ ತೋರಿಸಿದರು. ಪ್ರತಿ ಆಬ್ಜೆಕ್ಟಿನ ಮೇಲೂ, ತನ್ನನ್ನು ಎಷ್ಟು ಜನ ಹಿಡಿದುಕೊಂಡಿದ್ದಾರೆ ಅನ್ನುವ ಎಣಿಕೆ. ಎಣಿಕೆ ಸೊನ್ನೆಗೆ ಬಂದ ಕ್ಷಣ ಜಾಗ ಖಾಲಿ. ಪೈಥಾನ್ ಇವತ್ತಿಗೂ ನಡೆಯುವುದು ಇದರ ಮೇಲೆ. ಚೆಂದದ ವಿಧಾನ, ಒಂದು ತೊಡಕು ಬಿಟ್ಟರೆ: ಎರಡು ಆಬ್ಜೆಕ್ಟ್‌ಗಳು ಒಂದರ ಕೈ ಒಂದು ಹಿಡಿದುಕೊಂಡು ಊರೆಲ್ಲ ಮರೆತರೂ ಎರಡರ ಎಣಿಕೆಯೂ 1 ಆಗಿಯೇ ಉಳಿಯುತ್ತದೆ. ಅಂಥ ಜೋಡಿಗಳನ್ನು ಬಿಡಿಸಲು ಪೈಥಾನ್ ಪಕ್ಕದಲ್ಲಿ ಇನ್ನೊಂದು ಜಿಸಿ ಇಟ್ಟುಕೊಂಡಿದೆ. ಈ ಎರಡನೆಯದನ್ನು ತಮ್ಮ ಸರ್ವರ್‌ಗಳಲ್ಲಿ ಆಫ್ ಮಾಡಿಬಿಟ್ಟಿದ್ದಾಗಿ ಇನ್‌ಸ್ಟಾಗ್ರಾಂನವರು 2017ರಲ್ಲಿ ಹೇಳಿಕೊಂಡಿದ್ದರು.

ಪಂಕ್ತಿ ಎದ್ದ ಮೇಲೆ

ಈಗ ಮುಖ್ಯ ಭಾಗ. ಮದುವೆ ಛತ್ರದ ಊಟದ ಹಾಲ್ ನೆನಪಿಸಿಕೊಳ್ಳಿ. ಉದ್ದನೆಯ ಟೇಬಲ್, ಮೇಲೆ ರೋಲ್‌ನಿಂದ ಎಳೆದು ಹಾಸಿದ ಪೇಪರ್, ಅದರ ಮೇಲೆ ಸಾಲಾಗಿ ಬಾಳೆ ಎಲೆ. ಪಂಕ್ತಿ ಎದ್ದ ಮೇಲೆ ಏನು ಮಾಡುತ್ತಾರೆ? ಒಂದೊಂದೇ ಎಲೆ ಎತ್ತಿ, ಇದರಲ್ಲಿ ಪಲ್ಯ ಉಳಿದಿದೆ, ಅದರಲ್ಲಿ ಹೋಳಿಗೆ ಉಳಿದಿದೆ ಅಂತ ನೋಡುತ್ತಾ ಕೂರುವುದಿಲ್ಲ. ಉಳಿಸಬೇಕಾದದ್ದನ್ನು, ಒಂದು ಸ್ಟೀಲ್ ಲೋಟ, ಯಾರೋ ಮರೆತು ಹೋದ ಮೊಬೈಲು, ಎತ್ತಿ ಪಕ್ಕಕ್ಕಿಡುತ್ತಾರೆ. ಆಮೇಲೆ ಈ ತುದಿಯಿಂದ ಆ ತುದಿಗೆ ಎಲೆ ಸಮೇತ ಪೇಪರ್ ಸುತ್ತಿಕೊಂಡು ಹೋಗುತ್ತಾರೆ. 20 ಜನ ಉಂಡಿರಲಿ 40 ಜನ ಉಂಡಿರಲಿ, ಸುತ್ತುವುದಕ್ಕೆ ಹಿಡಿಯುವ ಹೊತ್ತು ಅಷ್ಟೇ. ಹೊತ್ತು ಹೋಗುವುದು ಎತ್ತಿಡುವ ಸಾಮಾನು ಎಷ್ಟಿದೆ ಅನ್ನುವುದರ ಮೇಲೆ.

ಜಾವಾದ ಯಂಗ್ ಜನರೇಷನ್ ಕೆಲಸ ಮಾಡುವುದು ಹೀಗೇ. ಹೊಸ ಆಬ್ಜೆಕ್ಟ್‌ಗಳು ಹುಟ್ಟುವ ಜಾಗಕ್ಕೆ ಈಡನ್ ಅಂತ ಹೆಸರು. ಪ್ರತಿ ಥ್ರೆಡ್ಡಿಗೂ ಈಡನ್‌ನಲ್ಲಿ ಅದರದ್ದೇ ಒಂದು ತುಂಡು ಸಿಕ್ಕಿರುತ್ತದೆ. ಆಬ್ಜೆಕ್ಟ್ ಬೇಕು ಅಂದರೆ ಪಾಯಿಂಟರನ್ನು ಅಷ್ಟು ಬೈಟ್ ಮುಂದಕ್ಕೆ ಸರಿಸಿದರೆ ಮುಗಿಯಿತು, ಮುಂದಿನ ಎಲೆ ಹಾಕಿದ ಹಾಗೆ. ಎಲ್ಲಿ ಖಾಲಿ ಇದೆ ಅಂತ ಹುಡುಕಾಟ ಇಲ್ಲ. ಹಾಗಾಗಿ ಇಲ್ಲಿ ಮೆಮೊರಿ ಪಡೆಯುವುದು ಸಿ ಭಾಷೆಯ ಮ್ಯಾಲಾಕ್‌ಗಿಂತ ಅಗ್ಗ ಬೀಳುವುದೂ ಉಂಟು, ಹೇಳಿದರೆ ನಂಬುವವರು ಕಮ್ಮಿ.

ಈಡನ್ ತುಂಬಿತು ಅಂದರೆ ಎಲ್ಲ ಥ್ರೆಡ್‌ಗಳನ್ನೂ ನಿಲ್ಲಿಸಿ, ಬದುಕಿರುವುದನ್ನು ಮಾತ್ರ ಸರ್ವೈವರ್ ಅನ್ನುವ ಜಾಗಕ್ಕೆ ನಕಲು ಮಾಡಿ, ಈಡನ್ ಪೂರ್ತಿ ಖಾಲಿ ಅಂತ ಸಾರುತ್ತದೆ. ಒಂದು ಆಬ್ಜೆಕ್ಟ್ ಹೀಗೆ ಹಲವು ಪಂಕ್ತಿ ದಾಟಿ ಉಳಿದುಕೊಂಡರೆ, ಇದು ಈ ಮನೆಯದೇ ಸಾಮಾನು ಅಂತ ಓಲ್ಡ್ ಜನರೇಷನ್‌ಗೆ ಕಳಿಸುತ್ತದೆ. ಎಷ್ಟು ಸಲ ದಾಟಬೇಕು? ಹಾಟ್‌ಸ್ಪಾಟ್‌ನಲ್ಲಿ ಹೆಚ್ಚೆಂದರೆ 15. ಇದು ಯಾವ ಸಂಶೋಧನೆಯಿಂದಲೂ ಬಂದ ಮ್ಯಾಜಿಕ್ ಸಂಖ್ಯೆ ಅಲ್ಲ, ಆಬ್ಜೆಕ್ಟಿನ ಹೆಡರಿನಲ್ಲಿ ವಯಸ್ಸು ಬರೆದುಕೊಳ್ಳಲು ಇರುವುದು 4 ಬಿಟ್, ಅದರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 15, ಅಷ್ಟೇ ಗುಟ್ಟು.

ಇಷ್ಟೆಲ್ಲ ನಿಂತಿರುವುದು ಒಂದು ಅನುಭವದ ಮಾತಿನ ಮೇಲೆ: ಹೆಚ್ಚಿನ ಆಬ್ಜೆಕ್ಟ್‌ಗಳು ಹುಟ್ಟಿದ ಕೂಡಲೇ ಸಾಯುತ್ತವೆ. ಒಂದು ರಿಕ್ವೆಸ್ಟ್ ಬರುತ್ತದೆ, ಹತ್ತಾರು ಸ್ಟ್ರಿಂಗ್, ಲಿಸ್ಟ್, ಜೇಸನ್ ತುಣುಕು ಹುಟ್ಟುತ್ತವೆ, ಉತ್ತರ ಹೋಯಿತು, ಎಲ್ಲ ಮುಗಿಯಿತು. 1983ರಲ್ಲಿ ಲೀಬರ್‌ಮನ್ ಮತ್ತು ಹೆವಿಟ್, 1984ರಲ್ಲಿ ಸ್ಮಾಲ್‌ಟಾಕ್ ಭಾಷೆಗಾಗಿ ಡೇವಿಡ್ ಉಂಗರ್ ಇದನ್ನು ಹಿಡಿದುಕೊಂಡು ಜಿಸಿಯನ್ನು ವಯಸ್ಸಿನ ಪ್ರಕಾರ ಒಡೆದರು. ಸಿ ಶಾರ್ಪ್ ಓಡುವ ಡಾಟ್‌ನೆಟ್‌ನಲ್ಲೂ ಇದೇ, 0, 1, 2 ಅಂತ ಮೂರು ತಲೆಮಾರು. ಅಲ್ಲಿ 85,000 ಬೈಟ್ ಅಥವಾ ಅದಕ್ಕಿಂತ ದೊಡ್ಡ ಆಬ್ಜೆಕ್ಟ್‌ಗಳಿಗೆ ಬೇರೆಯೇ ಕೋಣೆ.

ಕೈಯಲ್ಲಿ ಹಿಡಿದು ನೋಡೋಣ. ಜಾವಾದಲ್ಲಿ ಜಿಸಿ ಲಾಗ್ ಆನ್ ಮಾಡಿದರೆ ಬರುವ ಸಾಲಿನ ತಿರುಳು ಹೀಗಿರುತ್ತದೆ:

ಪಾಸ್ ಯಂಗ್ 614ಎಂ -> 41ಎಂ (1024ಎಂ) 7.9ಎಂಎಸ್

ಓದುವುದು ಸುಲಭ. ಜಿಸಿಗೆ ಮುಂಚೆ 614 ಎಂಬಿ ತುಂಬಿತ್ತು, ಆಮೇಲೆ 41 ಉಳಿಯಿತು, ಹೀಪ್, ಅಂದರೆ ಆಬ್ಜೆಕ್ಟ್‌ಗಳಿಗೆ ಮೀಸಲಾದ ಮೆಮೊರಿ, ಅದರ ಗಾತ್ರ 1024, ಪ್ರೋಗ್ರಾಂ ನಿಂತದ್ದು, ಅಂದರೆ ಪಾಸ್ (pause), 7.9 ಮಿಲಿಸೆಕೆಂಡ್. ಹೋದದ್ದು 573 ಎಂಬಿ. ಅಷ್ಟು ಕಸ ಎತ್ತಲು ಬರೀ 8 ಮಿಲಿಸೆಕೆಂಡಾ ಅಂತ ಆಶ್ಚರ್ಯ ಪಡಬೇಡಿ, ಅದನ್ನು ಯಾರೂ ಎತ್ತಲಿಲ್ಲ. 8 ಮಿಲಿಸೆಕೆಂಡ್ ಹೋದದ್ದು ಉಳಿದವುಗಳನ್ನು ಹುಡುಕಿ ನಕಲು ಮಾಡುವುದಕ್ಕೆ, ಆ 41ರಲ್ಲೂ ಮೊದಲೇ ಓಲ್ಡ್‌ಗೆ ಸೇರಿದ್ದನ್ನು ಈ ಸಲ ಮುಟ್ಟಿಯೇ ಇಲ್ಲ. ಈಡನ್ ದೊಡ್ಡದು ಮಾಡಿದರೆ ಪ್ರತಿ ಸಲದ ಪಾಸ್ ಕೂಡ ಅಷ್ಟೇ ಉದ್ದ ಆಗುತ್ತದೆ ಅಂತ ಅನ್ನಿಸುತ್ತದೆ, ಆದರೆ ಹಾಗೆ ಆಗಬೇಕಿಲ್ಲ. ಎರಡು ಜಿಸಿಗಳ ನಡುವೆ ಹೊತ್ತು ಜಾಸ್ತಿ ಸಿಕ್ಕರೆ ಇನ್ನಷ್ಟು ಆಬ್ಜೆಕ್ಟ್‌ಗಳು ತಾವಾಗಿಯೇ ಸತ್ತಿರುತ್ತವೆ.

ಇದೇ ಕಾರಣಕ್ಕೆ ಆಬ್ಜೆಕ್ಟ್ ಪೂಲ್ ಕಂಡರೆ ನನಗೆ ಅನುಮಾನ. ಜಿಸಿಗೆ ಹೊರೆಯಾಗದಿರಲಿ ಅಂತ ಸಣ್ಣ ಸಣ್ಣ ಆಬ್ಜೆಕ್ಟ್‌ಗಳನ್ನು ಎತ್ತಿಟ್ಟು ಮತ್ತೆ ಮತ್ತೆ ಬಳಸುವವರು ಎಲೆಯನ್ನು ತೊಳೆದು ಒಣಗಿಸಿ ಇಟ್ಟುಕೊಂಡವರ ಹಾಗೆ. ಪುಕ್ಕಟೆ ಸಾಯುತ್ತಿದ್ದದ್ದನ್ನು ಓಲ್ಡ್‌ಗೆ ತಳ್ಳಿ, ಅಲ್ಲಿ ಪ್ರತಿ ಸಲ ಗುರುತು ಹಾಕಿಸಿಕೊಳ್ಳುತ್ತಾ ಬದುಕುವ ಹಾಗೆ ಮಾಡಿರುತ್ತಾರೆ. ಡೇಟಾಬೇಸ್ ಕನೆಕ್ಷನ್‌ನಂಥ ದುಬಾರಿ ವಸ್ತುವಿಗೆ ಪೂಲ್ ಬೇಕು. ಸ್ಟ್ರಿಂಗ್ ಬಿಲ್ಡರ್‌ಗೆ ಬೇಡ.

ಒಂದು ತೊಡಕು ಹೇಳಲೇಬೇಕು. ಓಲ್ಡ್‌ನಲ್ಲಿರುವ ಆಬ್ಜೆಕ್ಟ್ ಯಂಗ್‌ನಲ್ಲಿರುವ ಒಂದನ್ನು ಹಿಡಿದುಕೊಂಡಿದ್ದರೆ? ಅದನ್ನು ತಿಳಿಯಲು ಪ್ರತಿ ಸಲ ಓಲ್ಡ್ ಪೂರ್ತಿ ಜಾಲಾಡಿದರೆ ಒಡೆದದ್ದೇ ವ್ಯರ್ಥ. ಅದಕ್ಕೆ ಹಾಟ್‌ಸ್ಪಾಟ್ ಹೀಪನ್ನು 512 ಬೈಟ್‌ಗಳ ಚೌಕಗಳಾಗಿ ನೋಡುತ್ತದೆ, ಪ್ರತಿ ಚೌಕಕ್ಕೂ ಪಕ್ಕದ ಒಂದು ಟೇಬಲ್‌ನಲ್ಲಿ 1 ಬೈಟ್. ನಿಮ್ಮ ಕೋಡ್ ಒಂದು ಫೀಲ್ಡಿಗೆ ರೆಫರೆನ್ಸ್ ಬರೆಯುವಾಗ, "ಈ ಚೌಕ ಮುಟ್ಟಿದ್ದೇನೆ" ಅಂತ ಆ ಬೈಟಿನಲ್ಲಿ ಗುರುತು ಹಾಕುವ ಪುಟ್ಟ ಸೂಚನೆಗಳನ್ನು ಕಂಪೈಲರ್ ನಿಮಗೆ ಹೇಳದೆ ಸೇರಿಸಿರುತ್ತದೆ. ಜಿಸಿ ಬಂದಾಗ ಗುರುತಿರುವ ಚೌಕ ಮಾತ್ರ ನೋಡಿದರೆ ಸಾಕು. ಜಿಸಿಯ ಖರ್ಚೆಲ್ಲ ಪಾಸ್‌ನಲ್ಲೇ ಇದೆ ಅಂದುಕೊಳ್ಳಬೇಡಿ, ಹೀಗೆ ನೀವು ಬರೆಯುವ ಪ್ರತಿ ರೆಫರೆನ್ಸಿನ ಮೇಲೂ ಚಿಲ್ಲರೆ ತೆರಿಗೆ ಇದೆ.

ಜನ ಓಡಾಡುತ್ತಿರುವಾಗ ಜನಗಣತಿ

ಯಂಗ್ ಸುಲಭದ್ದು. ಕಷ್ಟ ಇರುವುದು ಓಲ್ಡ್‌ನಲ್ಲಿ. ಅಲ್ಲಿ ಹೆಚ್ಚಿನವು ಬದುಕಿರುತ್ತವೆ, ಗಿಗಾಬೈಟ್‌ಗಟ್ಟಲೆ. ಎಲ್ಲವನ್ನೂ ನಿಲ್ಲಿಸಿ ಗುರುತು ಹಾಕುತ್ತಾ ಹೋದರೆ ದೊಡ್ಡ ಹೀಪಿನಲ್ಲಿ ಸೆಕೆಂಡ್‌ಗಟ್ಟಲೆ ಸರ್ವರ್ ಉಸಿರಾಡುವುದಿಲ್ಲ. ಹಾಗಾದರೆ ಪ್ರೋಗ್ರಾಂ ಓಡುತ್ತಿರುವಾಗಲೇ ಪಕ್ಕದಲ್ಲಿ ಗುರುತು ಹಾಕಿದರೆ?

ಜನಗಣತಿಯವರು ಬೀದಿ ಬೀದಿ ಎಣಿಸುತ್ತಾ ಬರುತ್ತಿದ್ದಾರೆ ಅಂದುಕೊಳ್ಳಿ. ಮೇಲಿನ ಬೀದಿ ಎಣಿಸಿ ಆಯಿತು, ಕೆಳಗಿನ ಬೀದಿ ಬಾಕಿ. ಅಷ್ಟರಲ್ಲಿ ಕೆಳಗಿನ ಬೀದಿಯ ಒಬ್ಬ ಮೇಲಿನ ಬೀದಿಗೆ ಮನೆ ಬದಲಾಯಿಸಿದ. ಎರಡು ಕಡೆಯೂ ಸಿಗಲಿಲ್ಲ. ಜನಗಣತಿಯಲ್ಲಾದರೆ ಒಬ್ಬ ಲೆಕ್ಕ ತಪ್ಪಿದ, ಅಷ್ಟೇ. ಜಿಸಿಯಲ್ಲಾದರೆ ಬದುಕಿರುವವನ ಮನೆ ಕೆಡವಿ ಸೈಟು ಬೇರೆಯವರಿಗೆ ಕೊಟ್ಟಂತೆ. ಕಸ ಒಂದಷ್ಟು ಉಳಿದರೆ ನಡೆಯುತ್ತದೆ, ಬದುಕಿರುವ ಒಂದೇ ಒಂದು ಆಬ್ಜೆಕ್ಟ್ ತಪ್ಪಿದರೂ ನಡೆಯುವುದಿಲ್ಲ. ಡೈಕ್‌ಸ್ಟ್ರಾ, ಲ್ಯಾಂಪೋರ್ಟ್ ಸೇರಿ ಐವರು 1978ರಲ್ಲಿ ಈ ಸಮಸ್ಯೆಗೆ ಬಿಳಿ, ಬೂದು, ಕಪ್ಪು ಅಂತ ಮೂರು ಬಣ್ಣದ ಲೆಕ್ಕ ಕೊಟ್ಟರು. ಬಿಳಿ ಅಂದರೆ ಇನ್ನೂ ನೋಡಿಲ್ಲ, ಬೂದು ಅಂದರೆ ನೋಡಿದ್ದೇನೆ ಆದರೆ ಅದರ ಒಳಗಿನ ಎಳೆ ಹಿಡಿದು ಹೋಗಿಲ್ಲ, ಕಪ್ಪು ಅಂದರೆ ಪೂರ್ತಿ ಮುಗಿದಿದೆ.

ನಮ್ಮ ದೇಶದ ಜನಗಣತಿಗೆ ಒಂದು ಉಪಾಯ ಇದೆ, ಲೆಕ್ಕದ ಕ್ಷಣ ಅಂತ ಒಂದನ್ನು ಗೊತ್ತು ಮಾಡುವುದು. 2011ರಲ್ಲಿ ಅದು ಮಾರ್ಚ್ 1ರ 00:00 ಗಂಟೆ. ಎಣಿಸುವವರು ಯಾವತ್ತೇ ಬರಲಿ, ಚಿತ್ರ ಆ ಕ್ಷಣದ್ದು. ಜಾವಾದ ಜಿ1 ಕಲೆಕ್ಟರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಗುರುತು ಹಾಕಲು ಶುರು ಮಾಡಿದ ಕ್ಷಣದಲ್ಲಿ ಯಾವುದಕ್ಕೆ ದಾರಿ ಇತ್ತೋ ಅದೆಲ್ಲ ಬದುಕಿದೆ ಅಂತ ಲೆಕ್ಕ. ನಡುವೆ ಯಾರಾದರೂ ಒಂದು ರೆಫರೆನ್ಸ್ ಅಳಿಸಿದರೆ, ಅಳಿಸುವ ಮುಂಚೆ ಹಳೆಯದನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಕ್ಷಣದ ನಂತರ ಸತ್ತವರು ಈ ಸಲದ ಲೆಕ್ಕದಲ್ಲಿ ಬದುಕಿರುವವರೇ. ಮುಂದಿನ ಸಲ ಹೋಗುತ್ತಾರೆ, ಅವಸರ ಏನು.

ಜಿ1 ಅಂದರೆ ಗಾರ್ಬೇಜ್ ಫಸ್ಟ್. ಹೀಪನ್ನು ಸುಮಾರು 2,000 ತುಂಡುಗಳಾಗಿ ಒಡೆದು, ಯಾವ ತುಂಡಿನಲ್ಲಿ ಬದುಕಿರುವುದು ಕಮ್ಮಿಯೋ ಅದನ್ನು ಮೊದಲು ಖಾಲಿ ಮಾಡುತ್ತದೆ. ಹೆಸರಿನಲ್ಲಿ ಕಸ ಇದೆ, ಆಯ್ಕೆ ನಿಂತಿರುವುದು ಮಾತ್ರ ಬದುಕಿರುವುದರ ಲೆಕ್ಕದ ಮೇಲೆ. ಜಾವಾ 9ರಿಂದ, ಅಂದರೆ 2017ರಿಂದ, ಇದೇ ಡಿಫಾಲ್ಟ್. ಪಾಸ್ 200 ಮಿಲಿಸೆಕೆಂಡ್ ಮೀರದ ಹಾಗೆ ನೋಡಿಕೊಳ್ಳಲು ಪ್ರಯತ್ನ ಪಡುತ್ತದೆ. ಪ್ರಯತ್ನ ಮಾತ್ರ, ಭರವಸೆ ಅಲ್ಲ. ಅದನ್ನು 10ಕ್ಕೆ ಇಳಿಸಿ ಪವಾಡ ಕಾಯುತ್ತಾ ಕೂತವರನ್ನು ನೋಡಿದ್ದೇನೆ. ಈಡನ್ ಚಿಕ್ಕದಾಗಿ, ನಿಮಿಷಕ್ಕೆ ನೂರಾರು ಸಲ ಜಿಸಿ ಓಡುತ್ತದೆ, ಸಾಯಬೇಕಾದವು ಸಾಯಲು ಪುರುಸೊತ್ತು ಸಿಗದೆ ಓಲ್ಡ್ ಸೇರುತ್ತವೆ.

ಜಿ1 ಗುರುತು ಹಾಕುವಾಗ ಪ್ರೋಗ್ರಾಂ ಓಡುತ್ತಿರುತ್ತದೆ, ಆದರೆ ಆಬ್ಜೆಕ್ಟ್ ಜಾಗ ಬದಲಿಸುವಾಗ ನಿಲ್ಲಿಸಲೇಬೇಕು. ಜಾವಾದ ಇನ್ನೊಂದು ಕಲೆಕ್ಟರ್ ಝಡ್‌ಜಿಸಿ ಅದಕ್ಕೂ ನಿಲ್ಲಿಸುವುದಿಲ್ಲ. ಮನೆ ಬದಲಾಯಿಸಿದವರು ಹಳೇ ಗೇಟಿಗೆ ಹೊಸ ವಿಳಾಸದ ಚೀಟಿ ಅಂಟಿಸಿ ಹೋಗುತ್ತಾರಲ್ಲ, ಹಾಗೆ. ನಿಮ್ಮ ಕೋಡ್ ಹೀಪಿನಿಂದ ಒಂದು ರೆಫರೆನ್ಸ್ ಓದಿದಾಗೆಲ್ಲ, ಪಾಯಿಂಟರ್ ಒಳಗೇ ಬಚ್ಚಿಟ್ಟಿರುವ ಒಂದೆರಡು ಬಿಟ್ ನೋಡಿ "ಇವರು ಇನ್ನೂ ಅಲ್ಲೇ ಇದ್ದಾರಾ?" ಅಂತ ಕೇಳುತ್ತದೆ. ಇಲ್ಲ ಅಂದರೆ ಹೊಸ ವಿಳಾಸಕ್ಕೆ ಹೋಗುತ್ತದೆ, ಹೋಗುವಾಗ ತನ್ನ ಪುಸ್ತಕದಲ್ಲಿದ್ದ ಹಳೇ ವಿಳಾಸವನ್ನೂ ತಿದ್ದಿಕೊಳ್ಳುತ್ತದೆ. ಪಾಸ್ 1 ಮಿಲಿಸೆಕೆಂಡಿಗಿಂತ ಕಮ್ಮಿ, ಹೀಪ್ ಎಷ್ಟೇ ದೊಡ್ಡದಿರಲಿ. ಜಾವಾ 11ರಲ್ಲಿ ಪ್ರಯೋಗಕ್ಕೆ ಬಂತು, 15ರಲ್ಲಿ ಪಕ್ಕಾ ಆಯಿತು, 2023ರ ಜಾವಾ 21ರಲ್ಲಿ ಅದಕ್ಕೂ ಯಂಗ್ ಮತ್ತು ಓಲ್ಡ್ ಬಂತು. ಬೆಲೆ ಇಲ್ಲದೆ ಇಲ್ಲ. ಓದುವಾಗಲೂ ತೆರಿಗೆ, ಪಕ್ಕದಲ್ಲಿ ಓಡುವ ಜಿಸಿ ಥ್ರೆಡ್‌ಗಳಿಗೆ ಸಿಪಿಯು, ಜೊತೆಗೆ ಒಂದಷ್ಟು ಹೆಚ್ಚು ಮೆಮೊರಿ. ರಾತ್ರಿ ಓಡುವ ಬ್ಯಾಚ್ ಜಾಬ್‌ಗೆ ಇದನ್ನು ಹಾಕುವುದು ದುಡ್ಡು ದಂಡ. ಅಲ್ಲಿ ಪಾಸ್ ಎಷ್ಟಾದರೇನು, ಯಾರೂ ಕಾಯುತ್ತಿಲ್ಲ.

ಗೋ ಭಾಷೆ ಬೇರೆ ದಾರಿ ಹಿಡಿಯಿತು. 2015ರ ಗೋ 1.5ರಿಂದ ಅದರ ಜಿಸಿ ಬಹುಪಾಲು ಪಕ್ಕದಲ್ಲೇ ಓಡುತ್ತದೆ, ಆಬ್ಜೆಕ್ಟ್‌ಗಳನ್ನು ಜಾಗ ಬದಲಿಸುವುದಿಲ್ಲ, ತಲೆಮಾರುಗಳೂ ಇಲ್ಲ. ಗೋಜಿಸಿ ಅನ್ನುವ ಒಂದು ಸೆಟ್ಟಿಂಗ್ ಇದೆ, ಡಿಫಾಲ್ಟ್ 100. ಬದುಕಿರುವುದು 1 ಜಿಬಿ ಇದ್ದರೆ ಹೀಪ್ ಸುಮಾರು 2 ಜಿಬಿ ಆಗುವವರೆಗೂ ಬಿಡು ಅಂತ ಅರ್ಥ. ಅದರಲ್ಲಿ ನನಗೆ ಬಹಳ ಇಷ್ಟವಾದ ನಿಯಮ ಇನ್ನೊಂದು: ಗುರುತು ಹಾಕುವ ಕೆಲಸ ನಡೆಯುತ್ತಿರುವಾಗ ಯಾವ ಗೋರುಟೀನ್ (ಗೋ ಭಾಷೆಯ ಹಗುರವಾದ ಥ್ರೆಡ್) ವಿಪರೀತ ಮೆಮೊರಿ ಕೇಳುತ್ತದೋ, ಅದನ್ನೇ ಹಿಡಿದು ಗುರುತು ಹಾಕುವ ಕೆಲಸಕ್ಕೆ ಹಚ್ಚುತ್ತದೆ. ಗಲೀಜು ಮಾಡುವವನ ಕೈಗೇ ಪೊರಕೆ.

ಹೀಪ್ ಎಷ್ಟು ಕೊಡಬೇಕು

ಎಲ್ಲರೂ ಕೇಳುವ ಪ್ರಶ್ನೆ. ಬದುಕಿರುವುದು ಎಷ್ಟಿದೆ ಅಂತ ಮೊದಲು ನೋಡಿ, ಅಂದರೆ ಗರಗಸದ ಹಲ್ಲುಗಳ ಬುಡ. ಬುಡ 900 ಎಂಬಿ ಇರುವ ಸರ್ವೀಸಿಗೆ 1 ಜಿಬಿ ಕೊಟ್ಟರೆ ಮೆಕಾರ್ಥಿ ಹೇಳಿದ್ದೇ ಆಗುತ್ತದೆ. ಸ್ವಲ್ಪ ಜಾಗ ಸಿಗುತ್ತದೆ, ತಕ್ಷಣ ತುಂಬುತ್ತದೆ, ಮತ್ತೆ ಪೂರ್ತಿ ಹುಡುಕಾಟ. ಸಿಪಿಯು 100ರಲ್ಲಿ, ಕೆಲಸ ಸೊನ್ನೆ. ಜಾವಾದ ಪ್ಯಾರಲಲ್ ಕಲೆಕ್ಟರ್‌ಗಂತೂ ಇದಕ್ಕೆ ಲಿಖಿತ ನಿಯಮವೇ ಇದೆ: ಶೇ. 98ಕ್ಕಿಂತ ಜಾಸ್ತಿ ಸಮಯ ಜಿಸಿಗೇ ಹೋಗಿ, ಶೇ. 2ಕ್ಕಿಂತ ಕಮ್ಮಿ ಹೀಪ್ ವಾಪಸ್ ಸಿಗುತ್ತಿದ್ದರೆ, ಸಾಕಪ್ಪ ಅಂತ ಔಟ್ ಆಫ್ ಮೆಮೊರಿ ಎಸೆದು ಕೈ ಚೆಲ್ಲುತ್ತದೆ.

ಕಂಟೇನರ್‌ನಲ್ಲಿ, ಅಂದರೆ ಮೆಮೊರಿ, ಸಿಪಿಯುಗೆ ಮಿತಿ ಹಾಕಿದ ಡಬ್ಬಿಯಲ್ಲಿ, ಓಡಿಸುವವರು ಬೀಳುವ ಗುಂಡಿ ಎರಡು. ಹೀಪ್ ಗಾತ್ರ ಹೇಳದಿದ್ದರೆ ಜಾವಾ ಇರುವ ಮೆಮೊರಿಯ ಕಾಲು ಭಾಗ ಮಾತ್ರ ತೆಗೆದುಕೊಳ್ಳುತ್ತದೆ, 2 ಜಿಬಿ ಕಂಟೇನರ್‌ಗೆ ದುಡ್ಡು ಕೊಟ್ಟು 512 ಎಂಬಿಯಲ್ಲಿ ಒದ್ದಾಡುತ್ತಿರುತ್ತೀರಿ. ಅದನ್ನು ಕಂಡು ಸಿಟ್ಟಿನಲ್ಲಿ ಪೂರ್ತಿ 2 ಜಿಬಿಯನ್ನೂ ಹೀಪಿಗೇ ಬರೆದರೆ, ಥ್ರೆಡ್ ಸ್ಟ್ಯಾಕ್, ಕ್ಲಾಸ್‌ಗಳ ಮಾಹಿತಿ, ಬಫರ್ ಇವೆಲ್ಲ ಹೀಪಿನ ಹೊರಗೆ ಜಾಗ ಕೇಳುತ್ತವಲ್ಲ, ಮಿತಿ ಮೀರಿದ ಕೂಡಲೇ ಲಿನಕ್ಸ್ ಬಂದು ಕತ್ತು ಹಿಸುಕುತ್ತದೆ. ಲಾಗ್‌ನಲ್ಲಿ ಒಂದಕ್ಷರ ಇರುವುದಿಲ್ಲ, 137 ಅನ್ನುವ ಎಕ್ಸಿಟ್ ಕೋಡ್ ಮಾತ್ರ. ಇನ್ನೂ ಒಂದು, ಇದು ಗೊತ್ತಿಲ್ಲದವರು ಬಹಳ ಜನ: ಜಾವಾ 17, 21ರಲ್ಲಿ ಕಂಟೇನರ್‌ಗೆ ಒಂದೇ ಸಿಪಿಯು ಕೊಟ್ಟಿದ್ದರೆ ಜಿ1 ಬರುವುದೇ ಇಲ್ಲ, ಸದ್ದಿಲ್ಲದೆ ಹಳೇ ಸೀರಿಯಲ್ ಕಲೆಕ್ಟರ್ ಕೂತಿರುತ್ತದೆ.

ದೊಡ್ಡ ಹೀಪಿನ ಕಡೆಗೂ ಒಂದು ಮೆಟ್ಟಿಲು ಇದೆ. ಸುಮಾರು 32 ಜಿಬಿವರೆಗೆ ಜಾವಾ ಒಂದು ರೆಫರೆನ್ಸನ್ನು 4 ಬೈಟ್‌ನಲ್ಲಿ ಅಡಗಿಸುತ್ತದೆ, ದಾಟಿದರೆ 8 ಬೈಟ್. ಹಾಗಾಗಿ 31ರಿಂದ 34ಕ್ಕೆ ಏರಿಸಿದವರಿಗೆ ಜಾಗ ಕಮ್ಮಿಯಾದ ಹಾಗೆ ಅನ್ನಿಸಿದರೆ ಅದು ಭ್ರಮೆ ಅಲ್ಲ.

ಬುಡ ಏರುತ್ತಿತ್ತು

ಈಗ ಆ ಎರಡನೇ ಗ್ರಾಫ್. ಹಲ್ಲುಗಳು ಸರಿಯಾಗೇ ಇದ್ದವು, ಬೀಳುತ್ತಲೂ ಇದ್ದವು. ಆದರೆ ಬಿದ್ದು ನಿಲ್ಲುವ ಜಾಗ ದಿನಾ ಸ್ವಲ್ಪ ಮೇಲೆ. ಸೋಮವಾರ 600 ಎಂಬಿ, ಬುಧವಾರ 1.1 ಜಿಬಿ, ಶುಕ್ರವಾರ 1.7. ನಾನು ಒಂದು ತಾಸಿನ ಗ್ರಾಫ್ ನೋಡಿ ಉತ್ತರ ಕೊಟ್ಟಿದ್ದೆ, ನೋಡಬೇಕಿದ್ದದ್ದು ಒಂದು ವಾರದ್ದು. ಶನಿವಾರ ಬೆಳಗಿನ ಜಾವ ಅದು ಬಿತ್ತು, ನನ್ನ ಫೋನ್ ಸೈಲೆಂಟ್‌ನಲ್ಲಿತ್ತು.

ಮತ್ತೆ ಏರತೊಡಗಿದಾಗ ಹೀಪ್ ಡಂಪ್ ತೆಗೆದೆವು. ಆ ಕ್ಷಣದ ಮೆಮೊರಿಯನ್ನು ಹಾಗೆಯೇ ಫೈಲಿಗೆ ಇಳಿಸುವುದು, 3 ಜಿಬಿ ಆಗಿತ್ತು. ಎಕ್ಲಿಪ್ಸ್ ಮ್ಯಾಟ್ ಅನ್ನುವ ಟೂಲ್‌ನಲ್ಲಿ ತೆರೆದು, ಯಾವ ಆಬ್ಜೆಕ್ಟ್ ಎಷ್ಟನ್ನು ಹಿಡಿದಿಟ್ಟುಕೊಂಡಿದೆ ಅನ್ನುವ ಮರ ನೋಡಿದರೆ, ಮೇಲ್ಗಡೆಯೇ ಒಂದು ಹ್ಯಾಶ್‌ಮ್ಯಾಪ್, ಅಂದರೆ ಕೀ ಕೊಟ್ಟರೆ ಅದರ ಜೊತೆ ಇಟ್ಟದ್ದನ್ನು ಹುಡುಕಿಕೊಡುವ ಪಟ್ಟಿ. ಒಳಗೆ 40 ಲಕ್ಷ ಎಂಟ್ರಿ. ನಮ್ಮ ಹತ್ತಿರ ಇದ್ದ ಗ್ರಾಹಕರು 50 ಸಾವಿರವೂ ಇರಲಿಲ್ಲ.

ಅದೊಂದು ಕ್ಯಾಶ್, ಮತ್ತೆ ಬೇಕಾದಾಗ ಬೇಗ ಸಿಗಲಿ ಅಂತ ಎತ್ತಿಟ್ಟುಕೊಳ್ಳುವ ಜಾಗ. ಸ್ಟಾಟಿಕ್ ಫೀಲ್ಡ್, ಅಂದರೆ ರೂಟ್. ಕೀ ಆಗಿ ಒಂದು ಪುಟ್ಟ ಕ್ಲಾಸ್, ಗ್ರಾಹಕನ ಸಂಖ್ಯೆ ಮತ್ತು ಭಾಷೆ ಎರಡು ಫೀಲ್ಡ್. ಬರೆದವರು ಎರಡು ಕೀ ಒಂದೇನಾ ಅಂತ ಹೋಲಿಸಲು ಬೇಕಾದ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಎರಡು ಮೆಥಡ್ ಬರೆಯುವುದನ್ನು ಮರೆತಿದ್ದರು. ಅವಿಲ್ಲದಿದ್ದರೆ ಜಾವಾಗೆ ಒಂದೇ ಸಂಖ್ಯೆ, ಒಂದೇ ಭಾಷೆ ಇರುವ ಎರಡು ಕೀಗಳೂ ಬೇರೆ ಬೇರೆಯೇ. ಹಾಗಾಗಿ ಪ್ರತಿ ರಿಕ್ವೆಸ್ಟ್ ಬಂದಾಗ ಮ್ಯಾಪ್ ಒಳಗೆ ಹುಡುಕುವುದು, ಸಿಗದೆ ಇರುವುದು, ಹೊಸದೊಂದು ಹಾಕುವುದು. ಹಾಕಿದ್ದು ಇನ್ನೆಂದೂ ಯಾರಿಗೂ ಸಿಗುವುದಿಲ್ಲ, ಏಕೆಂದರೆ ಆ ಕೀ ಇನ್ಯಾರ ಹತ್ತಿರವೂ ಇಲ್ಲ. ಆದರೂ ಸ್ಟಾಟಿಕ್ ಫೀಲ್ಡಿನಿಂದ ಮ್ಯಾಪಿಗೆ, ಮ್ಯಾಪಿನಿಂದ ಎಂಟ್ರಿಗೆ ದಾರಿ ಇದೆ. ಜಿಸಿ ಪಾಪ ಪ್ರತಿ ಸಲ ಆ 40 ಲಕ್ಷ ಎಂಟ್ರಿಗಳನ್ನೂ ಒಂದೂ ಬಿಡದೆ ಮುಟ್ಟಿ, ಬದುಕಿದೆ, ಬದುಕಿದೆ, ಬದುಕಿದೆ ಅಂತ ಗುರುತು ಹಾಕಿಕೊಂಡು ಬರುತ್ತಿತ್ತು.

ಕೋಡ್ ಹಿಸ್ಟರಿ ತೆರೆದು ಆ ಕ್ಲಾಸ್ ಬರೆದದ್ದು ಯಾರು ಅಂತ ನೋಡಿದೆವು. ನಾನೇ, ಮೂರು ವರ್ಷದ ಹಿಂದೆ.

ಆ ಕ್ಲಾಸನ್ನು ಜಾವಾದ ರೆಕಾರ್ಡ್ ಅನ್ನುವ ಬಗೆಗೆ ಬದಲಾಯಿಸಿದೆ, ಎರಡೂ ಮೆಥಡ್ ತಾನಾಗಿಯೇ ಬಂದವು. ಜೊತೆಗೆ ಕ್ಯಾಶಿಗೆ ಒಂದು ಗರಿಷ್ಠ ಗಾತ್ರವನ್ನೂ ಕಟ್ಟಿದೆ, ಮೊದಲೇ ಕಟ್ಟಬೇಕಿತ್ತು. ಮುಂದಿನ ಸೋಮವಾರ ಆ ಹುಡುಗ ಗ್ರೂಪಿನಲ್ಲಿ ಗ್ರಾಫ್ ಹಾಕಿದ, ಏಳು ದಿನದ್ದು. ಹಲ್ಲುಗಳ ಬುಡಕ್ಕೆ ಕೆಂಪು ಗೆರೆ ಎಳೆದಿದ್ದ, 420 ಎಂಬಿಯಲ್ಲಿ ನೆಟ್ಟಗೆ. ಕೆಳಗೆ ಬರೆದಿದ್ದ: "ಸರ್, ಈಗ ಮಲಗಬಹುದಾ?"